ಹತ್ತು ವರ್ಷದ ಸರಾಸರಿ

ಎಲ್ವಿಯೊ ಗಸ್ತಾಲ್ದಿ ಪತ್ರವನ್ನು ಮೇಜಿನ ಮೇಲಿಟ್ಟು, ಅದು ಹಾರಿಹೋಗಬಾರದೆಂಬಂತೆ ಅದರ ಮೇಲೆ ತನ್ನ ಟೋಪಿ ಇಟ್ಟ. ಕೋಣೆಯಲ್ಲಿ ಗಾಳಿಯೇ ಇರಲಿಲ್ಲ. 2011ರ ಮಾರ್ಚ್ ತಿಂಗಳು. ಬೇಸಿಗೆ ಮುಗಿಯುತ್ತಾ ಬಂದಿದ್ದರೂ ರಫಾಯೆಲಾ ಊರನ್ನು ಇನ್ನೂ ಸೆಕೆ ಬಿಟ್ಟಿರಲಿಲ್ಲ.

"ಎಂಟು ಸಾವಿರ," ಅಂದ.

"ಎಂಟು ಸಾವಿರ ಏನು, ದೋನ್ ಎಲ್ವಿಯೊ?"

"ಇಟ್ಟಿಗೆ. ದೊಡ್ಡ ಸೈಜಿನ ಟೊಳ್ಳು ಇಟ್ಟಿಗೆ. ಬರ್ತಾ ದಾರೀಲಿ ಕೇಳ್ಕೊಂಡೇ ಬಂದೆ, ಒಂದಕ್ಕೆ ಮೂರು ಪೆಸೊ ಮೂವತ್ತು."

ಲೆಕ್ಕಪರಿಶೋಧಕಿ ಇರ್ಮಾ ಬ್ರುನೊತ್ತೊ ಟೋಪಿಯನ್ನು ಪಕ್ಕಕ್ಕೆ ಸರಿಸಿ ಪತ್ರ ಓದಿದಳು. ಹಾಲು ಕರೆಯುವ ಯಂತ್ರಗಳನ್ನು ಮಾಡುವ 'ಲಾ ಕಲಾಂದ್ರಿಯಾ' ಕಾರ್ಖಾನೆಯನ್ನು ಬ್ಯೂನಸ್ ಐರಿಸ್‌ನ ಕಂಪನಿಯೊಂದು ಕೊಂಡುಕೊಂಡು ಒಂದು ವರ್ಷವಾಗಿತ್ತು. ಈಗ ಅದು ಹೊರಗುಳಿದಿದ್ದ ಪುಡಿ ಷೇರುಗಳನ್ನೂ ಬಾಚಿಕೊಳ್ಳಲು ಹೊರಟಿತ್ತು. ತೊಂಬತ್ತರ ದಶಕದ ಮೊದಲಲ್ಲಿ, ಸಂಬಳ ಕೊಡಲಾಗದ ಕಾಲದಲ್ಲಿ, ಕಾರ್ಖಾನೆ ಅರವತ್ತೊಂದು ಮಂದಿ ಕೆಲಸಗಾರರಿಗೆ ಸಂಬಳದ ಬದಲು ಕೊಟ್ಟಿದ್ದ ಷೇರುಗಳವು. ಷೇರಿಗೆ ನಲವತ್ತನಾಲ್ಕು ಪೆಸೊ. ಇಷ್ಟವಿದ್ದರೆ ಅರವತ್ತು ದಿನದಲ್ಲಿ ಸಹಿ ಹಾಕಿ ಹಣ ಪಡೆಯಬಹುದು, ಇಲ್ಲದಿದ್ದರೆ ಬೆಲೆ ಸರಿಯಿಲ್ಲವೆಂದು ಕೋರ್ಟಿಗೆ ಹೋಗಬಹುದು. ಮಾರುವುದಿಲ್ಲ ಎನ್ನುವ ದಾರಿ ಕಾನೂನಿನಲ್ಲಿ ಇರಲಿಲ್ಲ.

ಎಲ್ವಿಯೊನ ಬಳಿ ಆರುನೂರು ಷೇರುಗಳಿದ್ದವು. ಇಪ್ಪತ್ತಾರು ಸಾವಿರದ ನಾನೂರು ಪೆಸೊ. ಇರ್ಮಾಗೆ ಭಾಗಾಕಾರ ಮಾಡಬೇಕಾಗಲಿಲ್ಲ. ಈ ಊರಿನವರು ಪೆಸೊ ಕೈಗೆ ಬರುವ ಮೊದಲೇ ಅದನ್ನು ಬೇರೆ ಯಾವುದಕ್ಕಾದರೂ ಬದಲಿಸಿಟ್ಟಿರುತ್ತಾರೆ: ಕೆಲವರು ಡಾಲರಿಗೆ, ಕೆಲವರು ಟೈರಿಗೆ, ಹೆಚ್ಚಿನವರು ಇಟ್ಟಿಗೆಗೆ. ಹಣ ಕಟ್ಟಿದರೆ ಸಾಕು, ಇಟ್ಟಿಗೆ ಮಂಡಿಯವನು ಅಂದಿನ ದರದಲ್ಲೇ ಬರೆದುಕೊಂಡು, ಎರಡು ವರ್ಷ ಬಿಟ್ಟು ಕೇಳಿದರೂ ಅಷ್ಟೇ ಇಟ್ಟಿಗೆ ಕೊಡುತ್ತಾನೆ. ಬ್ಯಾಂಕಿನಲ್ಲಿ ಅಂಥ ಖಾತೆ ಇಲ್ಲ.

"ಶೆಡ್ಡಿಗೆ ಎಷ್ಟು ಬೇಕು?"

"ಏಳು ಸಾವಿರದ ಒಂಬೈನೂರು. ಗೋಡೆ, ತಗಡು, ಸಿಮೆಂಟು, ಮೂರು ಫೇಸ್ ಕರೆಂಟು, ಮೇಸ್ತ್ರಿ ಕೂಲಿ, ಎಲ್ಲಾನೂ ಇಟ್ಟಿಗೇಲೇ ಲೆಕ್ಕ ಹಾಕಿದೀನಿ. ನೂರು ಉಳಿಯತ್ತೆ, ಅದರಲ್ಲಿ ನಿಮಗೊಂದು ಮಾಂಸದೂಟ."

ಶೆಡ್ಡು ಲೇತ್ ಯಂತ್ರಕ್ಕೆ. ಎಲ್ವಿಯೊ ಮೂವತ್ತೊಂದು ವರ್ಷ ದುಡಿದ ಲೇತ್ ಅದು. ಹೊಸ ಮಾಲೀಕರು ಹಳೆಯ ಯಂತ್ರಗಳನ್ನು ಹೊರಹಾಕಿದಾಗ ತನ್ನ ನಿವೃತ್ತಿ ಹಣದಲ್ಲಿ ಒಂದು ಭಾಗ ಬಿಟ್ಟುಕೊಟ್ಟು ಅದನ್ನು ಮನೆಗೆ ತಂದಿದ್ದ. ಈಗ ಅದು ಹಿತ್ತಲಿನಲ್ಲಿ ಟಾರ್ಪಾಲಿನ ಕೆಳಗೆ ನಿಂತಿತ್ತು. ಸುತ್ತಲಿನ ಹಾಲಿನ ಫಾರ್ಮುಗಳವರು ವಾಲ್ವು, ಬುಷ್ಷು ಕಡೆದುಕೊಡು ಎಂದು ಆಗಲೇ ಕೇಳುತ್ತಿದ್ದರು. ಮಳೆ ಬೀಳದ ಒಂದು ಸೂರು, ಕರೆಂಟು, ಇಷ್ಟಿದ್ದರೆ ಎಲ್ವಿಯೊ ಸರ್ಕಾರದ ಕನಿಷ್ಠ ಪಿಂಚಣಿಯ ಮೇಲೆ ಬದುಕಬೇಕಾಗಿರಲಿಲ್ಲ.

"ಸಹಿ ಹಾಕಲೋ ಬೇಡವೋ, ಅಷ್ಟು ಹೇಳಿ ಸಾಕು," ಅಂದ.

ಇರ್ಮಾ ಆ ದಿನ ಹೇಳಲಿಲ್ಲ. ಕಂಪನಿಯ ಮೌಲ್ಯಮಾಪನ ವರದಿಯ ಪ್ರತಿಯನ್ನು ತರಿಸಿಕೊಂಡು ವಾರವಿಡೀ ಓದಿದಳು. ಮುಂದಿನ ವಾರ ಎಲ್ವಿಯೊ ತನ್ನ ಹೆಂಡತಿಯ ತಮ್ಮ ನೆಲ್ಸೊನನ್ನೂ ಜೊತೆಗೆ ಕರೆತಂದ. ನೆಲ್ಸೊ ಅದೇ ಕಾರ್ಖಾನೆಯಲ್ಲಿ ಎರಕದ ವಿಭಾಗದಲ್ಲಿದ್ದು ಷೇರು ಪಡೆದವನು. ಇರ್ಮಾ ಚಹಾದಂತೆ ಹೀರುವ ಮಾಟೆ ಸೊಪ್ಪಿಗೆ ಬಿಸಿನೀರು ಹಾಕಿ ಸೋರೆ ಬುರುಡೆಯನ್ನು ಮೊದಲು ಅವನಿಗೇ ಕೊಟ್ಟಳು.

"ಹಸು ಕೊಳ್ಳೋಕೆ ಹೋಗ್ತೀರಿ ಅಂದ್ಕೊಳ್ಳಿ," ಅಂದಳು. "ಒಂದು ದಿನ ಹಾಲು ಕರೆದು ನೋಡಿ ದುಡ್ಡು ಎಣಿಸ್ತೀರಾ?"

"ಇವನಾದ್ರೆ ಎಣಿಸ್ತಾನೆ. ಹಸು ಕಣ್ಣು ಚೆನ್ನಾಗಿದ್ರೆ ಸಾಕು ಇವನಿಗೆ," ಅಂದ ನೆಲ್ಸೊ.

"ಕಂಪನೀನೂ ಹಾಗೇ. ಒಂದು ವರ್ಷದ ಲಾಭ ನೋಡಿದ್ರೆ ಮೋಸ ಹೋಗ್ತೀವಿ. ಹತ್ತು ವರ್ಷದ್ದು ಹಿಡೀಬೇಕು, ಒಳ್ಳೇದು ಕೆಟ್ಟದು ಎರಡೂ ಬರತ್ತೆ. ಆದ್ರೆ 2004ರ ಪೆಸೊ ಬೇರೆ, ಈಗಿನ ಪೆಸೊ ಬೇರೆ. ಅದಕ್ಕೇ ಹಳೇ ಲಾಭಾನೆಲ್ಲ ಇವತ್ತಿನ ದುಡ್ಡಿಗೆ ತಿರುಗಿಸಿ, ಆಮೇಲೆ ಸರಾಸರಿ ತೆಗೆದು, ಅದರ ಹತ್ತು ಪಟ್ಟು ಷೇರಿನ ಬೆಲೆ ಅಂತ ಹಿಡೀತಾರೆ. ಅವರೂ ಹಾಗೇ ಮಾಡಿದಾರೆ. ದಾರಿ ತಪ್ಪಿಲ್ಲ."

"ಮತ್ತೆ ತಪ್ಪೆಲ್ಲಿ?" ಅಂದ ನೆಲ್ಸೊ.

"ತಿರುಗಿಸೋ ಅಳತೇಲಿ. ಸರ್ಕಾರದ ಬೆಲೆ ಸೂಚ್ಯಂಕ ಹಿಡಿದಿದಾರೆ."

ಎಲ್ವಿಯೊ ಜೋರಾಗಿ ನಕ್ಕ. ಆ ಸೂಚ್ಯಂಕದ ಹೆಸರೆತ್ತಿದರೆ ನಗದವರು ಊರಿನಲ್ಲಿ ಯಾರೂ ಇರಲಿಲ್ಲ. 2007ರಿಂದ ಈಚೆಗೆ ಸರ್ಕಾರದ ಲೆಕ್ಕದಲ್ಲಿ ಬೆಲೆಗಳು ವರ್ಷಕ್ಕೆ ನೂರಕ್ಕೆ ಹತ್ತರಷ್ಟು ಏರುತ್ತಿದ್ದವು. ಮಾರ್ಕೆಟ್ಟಿನ ಚೀಲದ ಲೆಕ್ಕದಲ್ಲಿ ಅದು ಇಪ್ಪತ್ತೈದರ ಸುತ್ತಮುತ್ತ ಇತ್ತು. ಲಾ ಕಲಾಂದ್ರಿಯಾ ಚೆನ್ನಾಗಿ ಸಂಪಾದಿಸಿದ್ದು 2003ರಿಂದ 2006ರವರೆಗೆ. ಸರ್ಕಾರದ ಸೂಚ್ಯಂಕದಿಂದ ತಿರುಗಿಸಿದಾಗ ಆ ನಾಲ್ಕು ವರ್ಷದ ಲಾಭ ಸೊರಗಿ ಬರುತ್ತಿತ್ತು. ಷೇರೊಂದಕ್ಕೆ ಸರಾಸರಿ ಲಾಭ ನಾಲ್ಕು ಪೆಸೊ ನಲವತ್ತು, ಹಾಗಾಗಿ ಷೇರಿನ ಬೆಲೆ ನಲವತ್ತನಾಲ್ಕು.

"ನಿಜವಾದ ಅಳತೆ ಹಿಡಿದ್ರೆ?" ಎಲ್ವಿಯೊ ಕೇಳಿದ.

"ಅರವತ್ತಾರು."

ಎಲ್ವಿಯೊನ ತುಟಿ ಅಲುಗಿತು. ಹನ್ನೆರಡು ಸಾವಿರ ಇಟ್ಟಿಗೆ ಎಂದು ಇರ್ಮಾಗೆ ಗೊತ್ತಾಯಿತು.

"ಕೋರ್ಟು ನಿಮ್ಮ ಮಾರ್ಕೆಟ್ ಚೀಲಾನ ನಂಬತ್ತಾ?" ಅಂದ ನೆಲ್ಸೊ. "ಬೇರೆ ಅಂಕಿ ಕೊಟ್ಟೋರಿಗೆ ಬ್ಯೂನಸ್ ಐರಿಸ್‌ನಲ್ಲಿ ದಂಡ ಹಾಕ್ತಿದಾರೆ, ಪೇಪರ್ ಓದಲ್ವಾ?"

ಇರ್ಮಾ ಓದಿದ್ದಳು. ಅದಕ್ಕೇ ಒಂದು ವಾರ ಹಿಡಿದದ್ದು. ಡ್ರಾಯರಿನಿಂದ ಲೋಹ ಕಾರ್ಮಿಕರ ಸಂಘದ ವೇತನ ಒಪ್ಪಂದಗಳನ್ನು ತೆಗೆದು ಮೇಜಿನ ಮೇಲೆ ಹರಡಿದಳು. ಬೆಲೆ ಎಷ್ಟು ಏರಿತೋ ಅಷ್ಟೇ ಪ್ರತಿ ವರ್ಷ ಸಂಘ ಜಗ್ಗಾಡಿ ಸಂಬಳ ಏರಿಸಿಕೊಂಡಿತ್ತು. ಪ್ರತಿ ಹಾಳೆಯ ಕೊನೆಯಲ್ಲೂ ಕಾರ್ಮಿಕ ಇಲಾಖೆಯ ದುಂಡು ಮೊಹರು ಇತ್ತು. ಒಂದು ಕಚೇರಿ ಮುಚ್ಚಿಟ್ಟ ಅಂಕಿಗೆ ಇನ್ನೊಂದು ಕಚೇರಿ ಮೊಹರು ಹಾಕಿ ಕೊಟ್ಟಿತ್ತು.

"ಇದನ್ನ ಯಾರೂ ಸುಳ್ಳು ಅನ್ನೋಕಾಗಲ್ಲ," ಅಂದಳು. ಇಪ್ಪತ್ತೊಂಬತ್ತು ವರ್ಷದ ವೃತ್ತಿಯಲ್ಲಿ ಅವಳಿಗೆ ಇಷ್ಟು ಖುಷಿ ಕೊಟ್ಟ ಕೆಲಸ ಇನ್ನೊಂದಿರಲಿಲ್ಲ.

ನೆಲ್ಸೊ ಹಾಳೆಗಳನ್ನು ನೋಡಿ ಮಾಟೆ ಬುರುಡೆ ವಾಪಸು ಕೊಟ್ಟ. "ಚೆನ್ನಾಗಿದೆ ದೋನ್ಯಾ ಇರ್ಮಾ. ಆದ್ರೂ ನಾನು ನಾಳೆ ಸಹಿ ಹಾಕಿ, ಮಧ್ಯಾಹ್ನದೊಳಗೆ ಗ್ಯಾರೇಜಿನ ಇಟ್ಟಿಗೆಗೆ ದುಡ್ಡು ಕಟ್ತೀನಿ. ಇಟ್ಟಿಗೆ ಅಪೀಲು ಹೋಗಲ್ಲ."

"ಹೇಡಿ," ಅಂದ ಎಲ್ವಿಯೊ.

"ಹೌದು ಭಾವ. ಗ್ಯಾರೇಜು ಇರೋ ಹೇಡಿ."

ನಿವೃತ್ತರ ಸಂಘದಲ್ಲಿ, ಬೋಚಾಸ್ ಚೆಂಡಾಟದ ಅಂಗಳದ ಪಕ್ಕದ ಹಾಲಿನಲ್ಲಿ, ಇರ್ಮಾ ಎಲ್ಲರಿಗೂ ಅದೇ ಲೆಕ್ಕ ವಿವರಿಸಿದಳು. ಹತ್ತೊಂಬತ್ತು ಮಂದಿ ಸಹಿ ಹಾಕಿದರು. ಎಲ್ವಿಯೊ ಸೇರಿ ನಲವತ್ತೆರಡು ಮಂದಿ ಅವಳ ಮಾತಿನ ಮೇಲೆ ಕೋರ್ಟಿಗೆ ಹೋದರು. ಅವಳು ಶುಲ್ಕ ತೆಗೆದುಕೊಳ್ಳಲಿಲ್ಲ. ವಕೀಲರಿಗೆ ಗೆದ್ದ ಮೊತ್ತದಲ್ಲಿ ನೂರಕ್ಕೆ ಇಪ್ಪತ್ತು ಎಂದಾಯಿತು.

ಕಂಪನಿಯ ವಕೀಲ ಸಲ್ವಾಯ್ ಅವಳಿಗೆ ಹಳೆಯ ಪರಿಚಯ. ಚೌಕದ ಕೆಫೆಯಲ್ಲಿ ಸಿಕ್ಕಾಗ ಅವನೇ ಎದ್ದು ಬಂದು ಕುರ್ಚಿ ಎಳೆದುಕೊಟ್ಟ.

"ವೇತನ ಒಪ್ಪಂದದ ಐಡಿಯಾ ನಿಮ್ಮದೇನಾ? ಸೊಗಸಾಗಿದೆ ಇರ್ಮಾ. ನಿಜವಾಗಲೂ. ನಾವು ಸೋಲಬಹುದು."

"ಹಾಗಾದ್ರೆ ಈಗಲೇ ಅರವತ್ತಾರು ಕೊಟ್ಟುಬಿಡಿ."

"ಯಾಕೆ ಕೊಡಲಿ? ನನ್ನ ಕಕ್ಷಿದಾರರಿಗೆ ಆತುರ ಇಲ್ಲ." ಕಾಫಿಗೆ ಸಕ್ಕರೆ ಹಾಕಿ ನಿಧಾನವಾಗಿ ಕಲಕಿದ. "ನಿಮ್ಮೋರಿಗೆ ಇದೆಯಾ?"

ಹೆದರಿಸುತ್ತಿದ್ದಾನೆ ಎಂದುಕೊಂಡು ಅವಳು ಎದ್ದು ಬಂದಳು.

ಕೇಸು ಸಾಂತಾ ಫೇ ನಗರದ ಕೋರ್ಟಿಗೆ ಹೋಯಿತು. ಜನವರಿಯಲ್ಲಿ ಕೋರ್ಟಿಗೆ ಬೇಸಿಗೆ ರಜೆ. ನ್ಯಾಯಾಧೀಶರ ಗಾಲ್ ಬ್ಲಾಡರ್ ಆಪರೇಷನ್ನಿಗೆ ಎರಡು ತಿಂಗಳು ಹೋದವು. ಕಂಪನಿ ಇನ್ನೊಬ್ಬ ತಜ್ಞ ಬೇಕು ಎಂದಿತು. ರೊಸಾರಿಯೊದಿಂದ ಬಂದ ತಜ್ಞ ಐದು ತಿಂಗಳು ತೆಗೆದುಕೊಂಡು ಇರ್ಮಾ ಹೇಳಿದ್ದೇ ಸರಿ ಎಂದು ಬರೆದ. ಆ ವರದಿಯ ಪ್ರತಿ ಕೈಗೆ ಬಂದ ದಿನ ಅವಳು ಖುಷಿಯಿಂದ ನಡೆದೇ ಮನೆಗೆ ಹೊರಟಳು. ದಾರಿಯಲ್ಲಿ ಇಟ್ಟಿಗೆ ಮಂಡಿ ಇತ್ತು. ಬಾಗಿಲಲ್ಲಿ ಕರಿಹಲಗೆ, ಸೀಮೆಸುಣ್ಣದಲ್ಲಿ ಆ ದಿನದ ದರ.

ಟೊಳ್ಳು ಇಟ್ಟಿಗೆ, 4.60.

ಅವಳು ನಿಂತಳು. ಹತ್ತು ವರ್ಷ ಹಿಂದಿನ ಪೆಸೊವನ್ನು ಇವತ್ತಿನದಕ್ಕೆ ತಿರುಗಿಸುವುದರಲ್ಲಿ ಮುಳುಗಿದ್ದವಳು, ತೀರ್ಪಿನ ದಿನದ ಪೆಸೊ ಯಾವುದಿರುತ್ತದೆ ಎಂದು ಒಂದು ಸಾಲನ್ನೂ ಬರೆದಿರಲಿಲ್ಲ. ಬರೆದರೂ ಉಪಯೋಗವಿರಲಿಲ್ಲ: ಬರಬೇಕಾದ ಹಣವನ್ನು ಬೆಲೆಏರಿಕೆಗೆ ತಕ್ಕಂತೆ ಏರಿಸಬಾರದೆಂದು 1991ರ ಕಾನೂನು ಹೇಳುತ್ತದೆ. ಆ ಕಾನೂನು ಅವಳಿಗೆ ಬಾಯಿಪಾಠವಾಗಿತ್ತು. ಸಲ್ವಾಯ್‌ಗೂ ಆಗಿತ್ತು. ಅರವತ್ತಾರು ನಲವತ್ತನಾಲ್ಕರ ಒಂದೂವರೆ ಪಟ್ಟು. ಇಟ್ಟಿಗೆ ಮೂರೂಮೂವತ್ತರ ಒಂದೂವರೆ ಪಟ್ಟಾದ ದಿನ, ಅಂದರೆ 4.95 ಆದ ದಿನ, ಗೆದ್ದರೂ ಸೋತಂತೆ. ವಕೀಲರ ಪಾಲು ಕಳೆದರೆ ಆ ದಿನ ಆಗಲೇ ದಾಟಿಹೋಗಿತ್ತು.

ಕಂಪನಿ ಅವರ ಹೆಸರಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದ ನಲವತ್ತನಾಲ್ಕನ್ನು ಈಗಲೂ ತೆಗೆದುಕೊಳ್ಳಬಹುದಿತ್ತು, ಕೇಸು ಬಿಟ್ಟರೆ. ಎಲ್ವಿಯೊಗೆ ಅದು ಐದು ಸಾವಿರದ ಏಳುನೂರು ಇಟ್ಟಿಗೆ. ಕಾದರೆ ಎಷ್ಟೆಂದು ಯಾರಿಗೆ ಗೊತ್ತು? ಬೇಗ ತೀರ್ಪು ಬಂದರೆ ಹೆಚ್ಚು, ತಡವಾದರೆ ಕಡಿಮೆ. ನಲವತ್ತೆರಡು ಮಂದಿಗೆ ಇದನ್ನು ಹೇಳಬೇಕೆಂದುಕೊಂಡು ಅವಳು ಎರಡು ಸಲ ಸಂಘದ ಬಾಗಿಲವರೆಗೂ ಹೋದಳು. ಒಳಗೆ ಅವರು ಬೋಚಾಸ್ ಆಡುತ್ತಿದ್ದರು. "ಬಂದ್ರು ನಮ್ಮ ಅರವತ್ತಾರು!" ಎಂದು ಯಾರೋ ಕೂಗಿದರು. ಅವಳು ಕೈಬೀಸಿ, ಇನ್ನೇನು ತೀರ್ಪು ಬರುತ್ತದೆ ಎಂದು ಹೇಳಿ ವಾಪಸಾದಳು. ಎರಡು ಸಲವೂ ಅದನ್ನೇ ಹೇಳಿದಳು.

2013ರ ಮೇ ತಿಂಗಳಲ್ಲಿ ತೀರ್ಪು ಬಂತು. ಷೇರಿಗೆ ಅರವತ್ತಾರು ಪೆಸೊ. ನ್ಯಾಯಾಧೀಶರು ಅವಳ ವಿಧಾನವನ್ನು ಎರಡು ಪುಟ ಹೊಗಳಿದ್ದರು. ಬೆಲೆ ನಿಗದಿಯಾದದ್ದೇ ಈ ತೀರ್ಪಿನಿಂದ, ಅದಕ್ಕೆ ಮೊದಲು ಬಾಕಿ ಎಂಬುದೇ ಇರಲಿಲ್ಲ, ಆದ್ದರಿಂದ ಬಡ್ಡಿ ಇಲ್ಲ ಎಂಬುದು ಕೊನೆಯ ಪುಟದಲ್ಲಿತ್ತು. ಮೇಲ್ಮನವಿಗೆ ಇನ್ನೆರಡು ವರ್ಷ ಎಂದರು ವಕೀಲರು. ಯಾರೂ ಹೋಗಲಿಲ್ಲ.

ಎಲ್ವಿಯೊ ಚೆಕ್ಕು ಹಿಡಿದುಕೊಂಡು ನೇರ ಅವಳ ಕಚೇರಿಗೆ ಬಂದ. ವಕೀಲರ ಪಾಲು ಕಳೆದು ಮೂವತ್ತೊಂದು ಸಾವಿರದ ಆರುನೂರ ಎಂಬತ್ತು. ಈ ಸಲ ಟೋಪಿಯನ್ನು ತಲೆಯಿಂದ ತೆಗೆಯಲಿಲ್ಲ.

"ಇಟ್ಟಿಗೆ ಇವತ್ತು ಐದೂವರೆ," ಅಂದ.

"ಗೊತ್ತು."

"ಐದು ಸಾವಿರದ ಏಳುನೂರ ಅರವತ್ತು ಆಗತ್ತೆ. ನಾನೇ ತಪ್ಪು ಹಾಕಿದೀನೇನೋ ಅಂತ ಮೂರು ಸಲ ಹಾಕಿದೆ." ಚೆಕ್ಕನ್ನು ಅವಳ ಕಡೆಗೆ ತಿರುಗಿಸಿ ಹಿಡಿದ. "ಗೆದ್ವಿ ಅಲ್ವಾ ನಾವು?"

"ಗೆದ್ವಿ."

"ಹಾಗಾದ್ರೆ ನಲವತ್ತನಾಲ್ಕೇ ಜಾಸ್ತಿ ಇತ್ತಾ, ದೋನ್ಯಾ ಇರ್ಮಾ?"

"ಜಾಸ್ತಿ ಇತ್ತು, ದೋನ್ ಎಲ್ವಿಯೊ. ಹೋದ ವರ್ಷವೇ ನನಗೆ ಗೊತ್ತಾಗಿತ್ತು. ಹೇಳಲಿಲ್ಲ."

ಅವನು ಬೈಯುತ್ತಾನೆಂದು ಅವಳು ಕಾದಳು. ಅವನು ಚೆಕ್ಕನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟು, ಶನಿವಾರ ಬೆಳಿಗ್ಗೆ ಪುರುಸೊತ್ತಿದ್ದರೆ ಮನೆಗೆ ಬನ್ನಿ, ಒಂದು ಕಾಗದ ನೋಡಬೇಕು ಎಂದು ಹೇಳಿ ಹೋದ.

ಶನಿವಾರ ಚಳಿಗಾಲದ ಮೊದಲ ಗಾಳಿ ಬೀಸುತ್ತಿತ್ತು. ಹಿತ್ತಲಿನಲ್ಲಿ ಗುಜರಿಯವನ ಲಾರಿ ನಿಂತಿತ್ತು. ಟಾರ್ಪಾಲು ತೆಗೆದಿದ್ದರು, ಎರಡು ಮಳೆಗಾಲದ ನೀರು ಕೆಳಗೆ ಇಳಿದು ಲೇತಿನ ಉಳಿ ಜಾರುವ ಹಾಸುಪಟ್ಟಿ ತುಕ್ಕು ತಿಂದು ಹಕ್ಕಳೆ ಎದ್ದಿತ್ತು. ನೆಲ್ಸೊ ಸರಪಳಿ ಬಿಗಿಯುತ್ತಿದ್ದ.

"ಭಾವ, ನನ್ನ ಗ್ಯಾರೇಜಲ್ಲಿ ಇಡೋಣ ಅಂದೆನಲ್ಲ," ಅಂದ ಕೊನೆಗೆ.

"ಹಾಸು ಹೋಗಿದೆ ಕಣಯ್ಯ. ಇದರಲ್ಲಿ ಇನ್ನು ವಾಲ್ವ್ ಕಡೆದು ಕೊಟ್ರೆ ಹಾಲಲ್ಲ, ಗಾಳಿ ಬರತ್ತೆ. ಎತ್ತು."

ಕ್ರೇನಿನ ಕೊಕ್ಕೆ ಎತ್ತಿದಾಗ ಲೇತ್ ಒಮ್ಮೆ ತಿರುಗಿ, ಹಿಡಿಕೆ ಎಲ್ವಿಯೊನ ಕಡೆಗೆ ಬಂತು. ಅವನು ಅಭ್ಯಾಸಬಲದಿಂದ ಕೈಚಾಚಿ ಅದನ್ನು ಹಿಡಿದು ನಿಲ್ಲಿಸಿದ, ಆಮೇಲೆ ಬಿಟ್ಟ.

ಗುಜರಿಯವನು ತೂಕದ ಚೀಟಿ ಕೊಟ್ಟ. "ಕಿಲೋಗೆ ಒಂದು ಇಪ್ಪತ್ತು ಹಾಕಿದೀನಿ ಅಜ್ಜ. ಹೋದ ವಾರ ಒಂದು ಹತ್ತು ಇತ್ತು. ಗುಜರೀದು ವಾರ ವಾರ ಏರತ್ತೆ, ನಿಮ್ಮ ಅದೃಷ್ಟ."

ಎಲ್ವಿಯೊ ಚೀಟಿಯನ್ನು ಓದದೆ ಇರ್ಮಾಗೆ ದಾಟಿಸಿದ. "ನೋಡೋಕೆ ಕರೆದಿದ್ದು ಇದನ್ನೇ. ಕನ್ನಡಕ ತಂದಿಲ್ಲ ನಾನು."

ಕನ್ನಡಕ ಅವನ ಜೇಬಿನಲ್ಲೇ ಇತ್ತು. ಅವಳು ಚೀಟಿಯನ್ನು ಬೆಳಕಿಗೆ ಹಿಡಿದಳು. ಸಾವಿರದ ಮುನ್ನೂರ ನಲವತ್ತು ಕಿಲೋ, ಒಂದೂ ಇಪ್ಪತ್ತರಂತೆ, ಸಾವಿರದ ಆರುನೂರ ಎಂಟು. ಎರಡು ಸಲ ಗುಣಿಸಿದಳು.

"ಸರಿ ಇದೆ," ಅಂದಳು.

"ಹಾಗಾದ್ರೆ ಬೇಗ ಕೊಡು ಮಾರಾಯ," ಎಂದು ಎಲ್ವಿಯೊ ಗುಜರಿಯವನ ಮುಂದೆ ಕೈಚಾಚಿದ. "ಇಟ್ಟಿಗೆ ಮಂಡಿ ಹನ್ನೆರಡಕ್ಕೆ ಮುಚ್ಚತ್ತೆ."

"ಶೆಡ್ಡು ಕಟ್ತೀರಾ ಈಗಲೂ?" ಕೇಳಿದಳು ಇರ್ಮಾ.

"ಯಾವ ಶೆಡ್ಡು?" ಅಂದ ಅವನು. ನೋಟು ಎಣಿಸಿಕೊಂಡು, ಲೇತ್ ಇದ್ದ ಜಾಗದ ಒದ್ದೆ ಕಾಂಕ್ರೀಟನ್ನು ದಾಟಿ, ಮಂಡಿಯ ಕಡೆಗೆ ಬೇಗಬೇಗ ನಡೆದ.