ಕೋಟಿಗೆ ಚುಚ್ಚಿದ ಪದ

ಅತ್ತೆಯ ಹೊಲಿಗೆ ಅಂಗಡಿಯಲ್ಲಿ ತೂಗುಹಾಕಿದ ಒಂದೊಂದು ಬಟ್ಟೆಗೂ ಎರಡೆರಡು ಚೀಟಿ. ಒಂದು ಅತ್ತೆಯದು, ಅದರಲ್ಲಿ ಅಳತೆ. ಇನ್ನೊಂದು ಸೊಸೆಯದು, ಅದರಲ್ಲಿ ನಾಲಿಗೆ ಹೊರಳದ ಒಂದು ಇಂಗ್ಲಿಷ್ ಪದ.

ಸೊಸೆಗೆ ದೊಡ್ಡ ಹೋಟೆಲಿನ ರಿಸೆಪ್ಷನ್ನಿನಲ್ಲಿ ಕೆಲಸ ಬೇಕಾಗಿತ್ತು. ಗುಂಡಿ ಹಾಕಿ ಹಾಕಿ ಅವಳಿಗೆ ಸಾಕಾಗಿತ್ತು. ಜನರ ಮುಖ ನೋಡಿ ಮಾತಾಡುವ ಕೆಲಸವೆಂದರೆ ಪ್ರಾಣ. ಆದರೆ ಅಲ್ಲಿನ ಮ್ಯಾನೇಜರ್ ಸಂದರ್ಶನಕ್ಕೆ ಬಂದವರಿಗೆಲ್ಲ ಕಷ್ಟದ ಪದಗಳ ಅರ್ಥ ಕೇಳುವವರು. ದೂರು ಬರೆಯುವ ಅತಿಥಿಗಳಿಗೆ ಸುಲಭದ ಪದಗಳು ಗೊತ್ತೇ ಇರುವುದಿಲ್ಲ ಎನ್ನುವುದು ಅವರ ಅನುಭವ. ಹೋದ ಸಲ ಅವಳು ಅವರೆದುರು ಬೆಬ್ಬೆಬ್ಬೆ ಎಂದು ಎದ್ದುಬಂದಿದ್ದಳು. ಈ ಸಲವೂ ಹಾಗೇ ಆದರೆ ಮತ್ತೆ ಕರೆಯುವುದಿಲ್ಲ.

ಪುಸ್ತಕದಲ್ಲಿ ಓದಿದ್ದು ಬೆಳಗಾಗುವಷ್ಟರಲ್ಲಿ ಮಾಯವಾಗುತ್ತಿತ್ತು. ಹಾಗಾಗಿ ಅವಳು ಪದಗಳನ್ನು ಬಟ್ಟೆಗೆ ಚುಚ್ಚತೊಡಗಿದಳು. ಬಾಯಿ ಮುಚ್ಚದ ಕ್ಷೌರಿಕನ ಅಂಗಿಗೆ ‘ಲೊಕ್ವೇಷಸ್’. ನಾಳೆ ಒಯ್ಯುತ್ತೇನೆ, ನಾಡಿದ್ದು ಒಯ್ಯುತ್ತೇನೆ ಎನ್ನುವ ಮೇಷ್ಟರ ಪ್ಯಾಂಟಿಗೆ ‘ಪ್ರೊಕ್ರಾಸ್ಟಿನೇಟ್’. ಎಷ್ಟು ಮಿಣಮಿಣ ಹಚ್ಚಿದರೂ ಸಾಲದೆನ್ನುವ ಹಲ್ಲಿನ ಡಾಕ್ಟರಮ್ಮನ ಗೌನಿಗೆ ‘ಆಸ್ಟೆಂಟೇಷಸ್’. ಬಟ್ಟೆ ನೋಡಿದರೆ ಮನುಷ್ಯ ನೆನಪಾಗುತ್ತಿದ್ದ, ಮನುಷ್ಯನ ಹಿಂದೆಯೇ ಅರ್ಥ.

ಅತ್ತೆಗೆ ಇಂಗ್ಲಿಷ್ ಬಾರದು, ಆದರೆ ಒಂದೊಂದು ಅರ್ಥ ಕೇಳಿದಾಗಲೂ ಮಿಷನ್ ನಿಲ್ಲಿಸಿ ಹೊಟ್ಟೆ ಹಿಡಿದು ನಗುವರು.

“ನನಗ್ಯಾವ ಪದನೇ?”

“ಹುಡುಕ್ತಾ ಇದೀನಿ ಅತ್ತೆ. ನಿಮಗೆ ಒಪ್ಪೋದು ಸಿಗ್ತಾ ಇಲ್ಲ.”

“ನಿಧಾನವಾಗಿ ಹುಡುಕು. ಪಿನ್ನು ಮಾತ್ರ ವಾಪಸ್ ಡಬ್ಬಿಗೆ ಬರಬೇಕು.”

ಪಿನ್ನಿನ ವಿಷಯದಲ್ಲಿ ಅತ್ತೆ ಬಲು ಬಿಗಿ. ಸಂಜೆಯಾದರೆ ಆಯಸ್ಕಾಂತ ಹಿಡಿದು ನೆಲವೆಲ್ಲ ಸವರುವರು. ಇನ್ನೊಂದು ಕಟ್ಟುನಿಟ್ಟೂ ಇತ್ತು: ಒಬ್ಬರ ಚೀಟಿ ಇನ್ನೊಬ್ಬರು ಮುಟ್ಟಕೂಡದು. ಒಮ್ಮೆ ಸೊಸೆ ಅಳತೆಯ ಚೀಟಿ ಅದಲುಬದಲು ಮಾಡಿ, ಗಿಡ್ಡನೆಯವರೊಬ್ಬರ ಅಂಗಿಯ ತೋಳು ಮೊಣಕಾಲಿಗೆ ಬಂದಂದಿನಿಂದ ಈ ಕಾನೂನು.

ಸಂದರ್ಶನದ ಹಿಂದಿನ ದಿನ ಸೊಸೆ ದಾರ ತರಲು ಹೋಗಿ ಬಂದಳು. ರಿಪೇರಿಗೆ ಬಂದಿದ್ದ ಹೋಟೆಲ್ ಮ್ಯಾನೇಜರರ ಕೋಟು ತೂಗುತ್ತಿದ್ದ ಮೂಲೆಯ ಹ್ಯಾಂಗರ್ ಖಾಲಿಯಿತ್ತು.

“ಮ್ಯಾನೇಜರ್ ಕೋಟು ಎಲ್ಲತ್ತೆ?”

“ಈಗಷ್ಟೇ ತಗೊಂಡು ಹೋದ್ರು. ಇವತ್ತು ಹೋಟೆಲ್ ಮಾಲೀಕರ ಮನೇಲಿ ಊಟ ಅಂತೆ.”

“ಚೀಟಿ?”

“ನನ್ನದು ಕಿತ್ತೆ. ನಿನ್ನದನ್ನ ನಾನು ಮುಟ್ತೀನಾ?”

ಸೊಸೆ ಬಾಗಿಲಿಗೆ ಓಡಿ ಬೀದಿಯುದ್ದಕ್ಕೂ ನೋಡಿದಳು. ಕಾಲರಿನ ಹಿಂದೆ, ಹಾಕಿಕೊಂಡವರೊಬ್ಬರಿಗೆ ಬಿಟ್ಟು ಊರಿಗೆಲ್ಲ ಕಾಣುವ ಜಾಗದಲ್ಲಿ, ಅವಳು ದಪ್ಪಕ್ಷರದಲ್ಲಿ ಚುಚ್ಚಿದ್ದ ಪದ ‘ಪಾರ್ಸಿಮೋನಿಯಸ್’.

ಮರುದಿನ ಮ್ಯಾನೇಜರ್ ಅದೇ ಕೋಟಿನಲ್ಲಿ ಕೂತಿದ್ದರು. ಮೇಜಿನ ಮೇಲೆ ಚೀಟಿ, ಪಿನ್ನಿನ ಸಮೇತ.

“ಈ ಅಕ್ಷರ ಯಾರದು?”

“ನನ್ನದೇ ಸರ್.”

“ಅರ್ಥ ಹೇಳಿ.”

ನೋಡಿ ಖರ್ಚು ಮಾಡುವವರು ಎಂದು ನಯವಾಗಿ ಸುತ್ತಿಬಿಡಬಹುದಿತ್ತು. ಆದರೆ ತಪ್ಪು ಅರ್ಥ ಹೇಳಿ ಕೆಲಸ ಕೇಳಲು ಅವಳಿಗೆ ಮನಸ್ಸು ಬರಲಿಲ್ಲ. ಆದದ್ದಾಗಲಿ ಎಂದುಕೊಂಡಳು.

“ಜಿಪುಣ ಅಂತ, ಸರ್.”

“ನನಗ್ಯಾಕೆ ಹಾಕಿದ್ರಿ?”

“ಕಾಲರ್ ಒಂದು ಕಡೆ ಸವೆದಾಗ ತಿರುಗಿಸಿ ಹೊಲಿಸಿದ್ರಿ. ಆ ಕಡೆನೂ ಸವೆದಾಗ, ಮೂರನೇ ಕಡೆ ಇದೆಯಾ ಅಂತ ಕೇಳಿದ್ರಿ ಸರ್.”

ಮ್ಯಾನೇಜರರ ಹೊಟ್ಟೆ ನಗುವಿನಿಂದ ಕುಲುಕತೊಡಗಿತು.

“ನಿನ್ನೆ ಊಟದ ಮಧ್ಯೆ ಮಾಲೀಕರು ಇದನ್ನ ಜೋರಾಗಿ ಓದಿದ್ರು. ಇವನು ಹೀಗಿರೋದಕ್ಕೇ ನನ್ನ ಹೋಟೆಲ್ ಉಳಿದಿದೆ ಅಂದ್ರು. ಅವರು ನನ್ನನ್ನ ಹೊಗಳಿದ್ದು ಇದೇ ಮೊದಲು.”

ಮತ್ತೆ ಪದಗಳ ಸುರಿಮಳೆ. ಅವಳು ಮನಸ್ಸಿನಲ್ಲೇ ಅಂಗಡಿಯ ಹ್ಯಾಂಗರುಗಳನ್ನು ಒಂದೊಂದಾಗಿ ಸರಿಸುತ್ತ, ಅಂಗಿ, ಪ್ಯಾಂಟು, ಗೌನುಗಳಿಂದ ಅರ್ಥ ಬಿಡಿಸಿಕೊಟ್ಟಳು. ಕೊನೆಗೆ ಮ್ಯಾನೇಜರ್, “ಸೋಮವಾರದಿಂದ ಬನ್ನಿ” ಎಂದು ಚೀಟಿಯನ್ನು ಅವಳ ಕೈಗಿತ್ತರು. ಪಿನ್ನನ್ನು ಮಾತ್ರ ಜೋಪಾನವಾಗಿ ಬಿಡಿಸಿ ತಮ್ಮ ಕೋಟಿನ ಒಳಮಡಿಕೆಗೆ ಸಿಕ್ಕಿಸಿಕೊಂಡರು.

ಅಂಗಡಿಗೆ ಓಡೋಡಿ ಬಂದು ಸುದ್ದಿ ಹೇಳಿದಾಗ ಅತ್ತೆ ಅವಳನ್ನು ಬಾಚಿ ತಬ್ಬಿಕೊಂಡರು. ಕಣ್ಣಲ್ಲಿ ನೀರೇ ಬಂತು. ನಡೆದದ್ದನ್ನೆಲ್ಲ ಎರಡು ಸಲ ಹೇಳಿಸಿಕೊಂಡು ನಕ್ಕರು. ಕಣ್ಣೊರೆಸಿಕೊಂಡ ಮೇಲೆ ಕೇಳಿದರು:

“ನನ್ನ ಪಿನ್ನು?”

“ಅವರೇ ಇಟ್ಕೊಂಡ್ರು ಅತ್ತೆ.”

“ಇಟ್ಕೊಂಡ್ರಾ? ಎಂಥ ಜನ ಇರ್ತಾರಪ್ಪ. ಮುಂದಿನ ಸಲ ಕಾಲರ್ ತಿರುಗಿಸೋಕೆ ಬರಲಿ, ಕೇಳಿ ತಗೋತೀನಿ.”

ಸೊಸೆ ಕೈಯಲ್ಲಿದ್ದ ಚೀಟಿ ನೋಡಿದಳು. ಅತ್ತೆಯ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಅಳತೆ ಟೇಪು ನೋಡಿದಳು.

“ಅತ್ತೆ, ನಿಮಗೂ ಒಂದು ಪದ ಸಿಕ್ತು. ಚುಚ್ಚೋಕೆ ಒಂದು ಪಿನ್ನು ಕೊಡಿ.”

ಅತ್ತೆ ಡಬ್ಬಿಯ ಮುಚ್ಚಳ ಒತ್ತಿ ಹಿಡಿದುಕೊಂಡರು.

“ಒಂದು ಹೋಗಿದ್ದು ಸಾಲದಾ? ಗೋಂದು ಹಚ್ಚಿ ಅಂಟಿಸು.”