ಉಚ್ಚಮ್ಮ ಓದಿಸಿದ ಮುಯ್ಯಿ

ಆದೋನಿಯ ಓಣಿಗಳಲ್ಲಿ ಉಚ್ಚಮ್ಮನ ಕೂಗು ಕೇಳದವರಿಲ್ಲ. ತಲೆಯ ಮೇಲೆ ಸ್ಟೀಲ್ ಪಾತ್ರೆಗಳ ಬುಟ್ಟಿ, ಹೆಗಲಿಗೆ ಹಳೆ ಬಟ್ಟೆಯ ಗಂಟು. ಎರಡು ಸೀರೆಗೆ ಒಂದು ಡಬ್ಬಿ, ನಾಲ್ಕು ಪ್ಯಾಂಟಿಗೆ ಒಂದು ಬೋಗುಣಿ. ಗಂಡ ಹೋದಮೇಲೆ ಇಪ್ಪತ್ತು ವರ್ಷ ಹೀಗೆ ಚೌಕಾಸಿ ಮಾಡಿಯೇ ಮಗ ಶ್ರೀನುವನ್ನು ದೊಡ್ಡವನನ್ನಾಗಿ ಮಾಡಿದವಳು. ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದರೆ ಸಾಕು, ಇನ್ನೆಷ್ಟು ಒಗೆತಕ್ಕೆ ಬಾಳುತ್ತದೆಂದು ಹೇಳಿಬಿಡುತ್ತಿದ್ದಳು. ಮನೆಯಲ್ಲಿ ಮಾತ್ರ ಒಂದು ಕಟ್ಟುನಿಟ್ಟು: ಗಂಟಿನ ಬಟ್ಟೆ ಗಂಟಿಗೇ, ಮೈಗಲ್ಲ.

ಮಳೆಗೆ ಮನೆ ಬಿದ್ದ ಹಳ್ಳಿಗಳಿಗೆ ಕಳಿಸಲೆಂದು ಊರಿನ ಸೇವಾ ಸಂಘವೊಂದು ಬಟ್ಟೆ ಕೂಡಿಸಿದಾಗ, ಆರಿಸಿ ಕೊಡಲು ಅವಳನ್ನೇ ಕರೆದರು. ಉಡುವಂಥದ್ದು ಒಂದು ಕಡೆ, ಒರೆಸುವಂಥದ್ದು ಇನ್ನೊಂದು ಕಡೆ. ಜನ ದಾನವೆಂದು ಏನೇನು ಕೊಡುತ್ತಾರೆ ಎಂದು ಕೇಳಬೇಡಿ. ತೂತುಬಿದ್ದ ಬನಿಯನ್ ಕೊಟ್ಟು ಪುಣ್ಯ ಕಟ್ಟಿಕೊಂಡವರೂ ಇದ್ದರು. ಮೂರನೆಯ ದಿನ ಒಂದು ಚೀಲ ಬಿಚ್ಚಿದರೆ ಒಳಗೆ ಗಿಳಿಹಸಿರಿನ ರೇಷ್ಮೆ ಸೀರೆ, ಅಂಗೈ ಅಗಲದ ಕೆಂಪು ಅಂಚು. ಅದರ ಜೊತೆಗೆ ಉಣ್ಣೆಯ ಟೋಪಿ, ಒಂದು ಕನ್ನಡಕ, ಅರ್ಧ ಮುಗಿದ ಮಾತ್ರೆಯ ಪಟ್ಟಿ. ಯಾವುದೋ ಮನೆಯಲ್ಲಿ ಮುದುಕಿ ತೀರಿಕೊಂಡಿದ್ದಾಳೆ, ಅವಳ ಕಪಾಟು ಖಾಲಿ ಮಾಡಿದ್ದಾರೆ. ಉಚ್ಚಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸೀರೆಯನ್ನು ಮಡಚಿ ಬುತ್ತಿಯ ಚೀಲದ ತಳಕ್ಕೆ ತುರುಕಿದಳು. ನಂಬಿ ಕರೆದವರು ಅವಳ ಚೀಲ ನೋಡಲಿಲ್ಲ.

ಅವಳಿಗೆ ಗತಿ ಇರಲಿಲ್ಲವೆಂದಲ್ಲ. ತಮ್ಮ ಗಾದಿಲಿಂಗನ ಮಗಳು ಚಂದನಾಳ ಮದುವೆಗೆ ಒಂದು ಒಳ್ಳೆಯ ನೂಲಿನ ಸೀರೆ ಕೊಳ್ಳುವಷ್ಟು ದುಡ್ಡು ಇಟ್ಟುಕೊಂಡೇ ಇದ್ದಳು. ಆದರೆ ಐದು ವರ್ಷದ ಹಿಂದೆ ಬಂಧುಗಳೆಲ್ಲ ಕೂತಿದ್ದಾಗ ಅದೇ ತಮ್ಮ, “ನಮ್ಮಕ್ಕ ಬಂದಾಳ, ನಿಮ್ಮ ನಿಮ್ಮ ಅಂಗಿ ಜ್ವಾಪಾನ ಮಾಡ್ಕೊಳ್ರಿ” ಎಂದು ನಗಿಸಿದ್ದ. ಅವನು ಅದನ್ನು ಅವತ್ತೇ ಮರೆತ. ಆಡಿದವರು ಮರೆಯುತ್ತಾರೆ, ಅನಿಸಿಕೊಂಡವರು ಮರೆಯುವುದಿಲ್ಲ. ಒಂದೇ ಒಂದು ಸಲ ಆ ಜನರ ಮುಂದೆ ತಲೆ ಎತ್ತಿ ನಿಲ್ಲಬೇಕೆಂದು ಅವಳು ಸೀರೆಗೆ ಇಸ್ತ್ರಿ ಹಾಕಿಸಿದಳು, ಅಂಗಡಿಯ ಹೊಸ ಕವರಿನಲ್ಲಿ ಹಾಕಿದಳು, ತಮ್ಮನ ಊರಾದ ದೇವನಕೊಂಡದ ಬಸ್ಸು ಹತ್ತಿದಳು.

ತಾಳಿ ಕಟ್ಟಿದ ಮೇಲೆ ಮುಯ್ಯಿ ಶುರುವಾಯಿತು. ಯಾರು ಏನು ಕೊಟ್ಟರೆಂದು ಮೈಕಿನಲ್ಲಿ ಓದಿ ಪುಸ್ತಕದಲ್ಲಿ ಬರೆದುಕೊಳ್ಳುವುದು ಅಲ್ಲಿನ ಪದ್ಧತಿ. “ಆದೋನಿ ಉಚ್ಚಮ್ಮ, ಮದುಮಗಳ ಸೋದರತ್ತಿ, ತಮ್ಮನ ಹೆಂಡ್ತಿಗೆ ಒಂದು ಪಟ್ಟು ಸೀರಿ” ಎಂದು ಕೂಗಿದಾಗ, ರೇಷ್ಮೆಯೆಂದು ಕೇಳಿ ಚಪ್ಪರವೆಲ್ಲ ತಿರುಗಿ ನೋಡಿತು. ಗಾದಿಲಿಂಗನ ಕಣ್ಣು ತುಂಬಿಬಂತು. ಉಚ್ಚಮ್ಮನ ಎದೆ ಉಬ್ಬಿತು, ಸುಳ್ಳೇಕೆ.

ಈಗಲೇ ಉಡಲಿ ಎಂದು ಹೆಂಗಸರೆಲ್ಲ ಹಟ ಹಿಡಿದು ತಮ್ಮನ ಹೆಂಡತಿ ಲಕ್ಷ್ಮಿದೇವಿಯನ್ನು ಒಳಗೆ ಎಳೆದುಕೊಂಡು ಹೋದರು. ಹೊಸ ಬಟ್ಟೆಯ ಮೂಲೆಗೆ ಒಂದು ಬೊಟ್ಟು ಅರಿಶಿನ ಹಚ್ಚದೆ ಯಾರೂ ಮೈಗೆ ಹಾಕುವುದಿಲ್ಲ. ಲಕ್ಷ್ಮಿದೇವಿ ಅರಿಶಿನದಲ್ಲಿ ಬೆರಳದ್ದಿ ಸೆರಗಿನ ಮೂಲೆ ಬಿಡಿಸಿದಳು. ಅಲ್ಲಿ ಆಗಲೇ ಒಂದು ಬೊಟ್ಟಿತ್ತು, ಮಾಸಿ ಕಂದು ಬಣ್ಣಕ್ಕೆ ತಿರುಗಿದ್ದು. ತೂತು, ಜರಿ, ಕಲೆ ಎಲ್ಲ ಹುಡುಕಿದ್ದ ಉಚ್ಚಮ್ಮನಿಗೆ ಅದೊಂದು ಕಂಡಿರಲಿಲ್ಲ. ದಿನಕ್ಕೆ ನೂರು ಹಳೆ ಸೀರೆ ಬಿಡಿಸುವವಳಿಗೆ ಪ್ರತಿ ಸೀರೆಯ ಮೂಲೆಯಲ್ಲೂ ಆ ಬೊಟ್ಟು ಕಂಡು ಕಂಡು ಅದು ನೇಯ್ಗೆಯಷ್ಟೇ ಸಹಜವಾಗಿಬಿಟ್ಟಿತ್ತು.

ಲಕ್ಷ್ಮಿದೇವಿ ತಲೆ ಎತ್ತಿ ಅವಳನ್ನು ಒಂದು ಸಲ ನೋಡಿದಳು. ಆಮೇಲೆ ಬೆರಳು ಇನ್ನಷ್ಟು ಅದ್ದಿ, ಹಳೆಯ ಬೊಟ್ಟಿನ ಮೇಲೆಯೇ ಒತ್ತಿ, ಏನೂ ಆಗದವಳಂತೆ ಸೀರೆ ಉಟ್ಟಳು.

ಬೈದಿದ್ದರೆ ಉಚ್ಚಮ್ಮ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆಯಲಾಗಲಿಲ್ಲ. ಊಟದ ಪಂಕ್ತಿಯಲ್ಲಿ ಹೆಂಗಸರು ಆ ಅಂಚು ಮುಟ್ಟಿ ಮುಟ್ಟಿ ಹೊಗಳುತ್ತಿದ್ದರೆ, ಯಾವ ಅಂಗಡಿ ಎಂದು ಕೇಳುತ್ತಿದ್ದರೆ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳ ಕೈ ಮತ್ತೆ ಮತ್ತೆ ತನ್ನ ಸೆರಗಿನ ಮೂಲೆಗೇ ಹೋಗುತ್ತಿತ್ತು. 

ಮಧ್ಯಾಹ್ನ ಲಕ್ಷ್ಮಿದೇವಿ ಅವಳನ್ನು ಕಾಳಿನ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

“ಅಕ್ಕಾ, ಹಳೇದಾದ್ರ ಆಗ್ಲಿ, ನಾನೇನೂ ಅನ್ನಂಗಿಲ್ಲ. ಸತ್ತೋರ್ದಲ್ಲ ಹೌದಿಲ್ಲೋ, ಅದೊಂದು ಹೇಳು.”

ಉಚ್ಚಮ್ಮ ಅಲ್ಲವೆಂದಳು. ಯಾರೋ ಸಾಹುಕಾರರ ಸೊಸೆಗೆ ಬಣ್ಣ ಹಿಡಿಸಲಿಲ್ಲವಂತೆ, ಒಂದೇ ಸಲ ಉಟ್ಟು ಕೊಟ್ಟಳಂತೆ ಎಂದು ಸಲೀಸಾಗಿ ಕಟ್ಟಿ ಹೇಳಿದಳು. ಇಪ್ಪತ್ತು ವರ್ಷ ಬೀದಿಯಲ್ಲಿ ಮಾರಿದ ನಾಲಿಗೆ, ತೊದಲಲಿಲ್ಲ.

ಲಕ್ಷ್ಮಿದೇವಿಯ ಮುಖ ತಿಳಿಯಾಯಿತು. “ಹಂಗಾದ್ರ ಆತು ಬಿಡು. ಚಂದನಾಗ ಇರೋದು ಒಂದ ರೇಷ್ಮಿ. ಸಂಜಿಗೆ ಒಪ್ಪಿಸಿ ಕಳಸೋ ಮುಂದ ಆಕಿಗೆ ಇದ ಉಡಸ್ತೀನಿ.”

ಹೊರಗೆ ಚಂದನಾ ಯಾರೊಂದಿಗೋ ನಗುವುದು ಕೇಳುತ್ತಿತ್ತು. ಸುಮ್ಮನಿದ್ದರೆ ಉಚ್ಚಮ್ಮನ ಮಾನ ಉಳಿಯುತ್ತಿತ್ತು. ಆದರೆ ತಾನು ಎತ್ತಿ ಆಡಿಸಿದ ಹುಡುಗಿ ಸತ್ತವಳ ಸೀರೆ ಉಟ್ಟು ಗಂಡನ ಮನೆ ಹೊಸಿಲು ದಾಟುತ್ತಿದ್ದಳು.

“ಉಡಸಬ್ಯಾಡ,” ಎಂದಳು. “ಅದು ಸತ್ತ ಮುದುಕಿದು. ದಾನಕ್ಕ ಬಂದದ್ದು. ನನಗ ಗೊತ್ತಿತ್ತು.”

ಲಕ್ಷ್ಮಿದೇವಿ ಸೀರೆ ಬಿಚ್ಚಿದಳು, ಎಸೆಯಲಿಲ್ಲ, ನೀಟಾಗಿ ಮಡಚಿ ಕವರಿಗೆ ಹಾಕಿ ಅವಳ ಕೈಗಿತ್ತಳು. ತನ್ನ ಹಳೆಯ ನೂಲಿನ ಸೀರೆ ಉಟ್ಟುಕೊಂಡಳು. ಕೇಳಿದವರಿಗೆ ಸೆಖೆ, ಜರಿ ಚುಚ್ಚಿತು ಎಂದು ಹೇಳುವುದಾಗಿ ತಾನೇ ಅಂದಳು. ಉಚ್ಚಮ್ಮ ಅವಳ ಕೈ ಹಿಡಿದು, ಪುಸ್ತಕದಲ್ಲಿ ತನ್ನ ಹೆಸರು ಹೊಡೆದುಹಾಕಿಸು, ನಾಳೆಯೇ ಒಂದು ನೂಲಿನ ಸೀರೆ ತಂದುಕೊಡುತ್ತೇನೆ, ಅದನ್ನೇ ಬರೆಸು ಎಂದು ಬೇಡಿಕೊಂಡಳು.

ಲಕ್ಷ್ಮಿದೇವಿ ಕೈ ಬಿಡಿಸಿಕೊಳ್ಳಲಿಲ್ಲ. ತನ್ನ ಜನ್ಮದಲ್ಲಿ ತನಗೆಂದು ಒಂದು ರೇಷ್ಮೆ ಸೀರೆಯನ್ನೂ ಕೊಳ್ಳದಿದ್ದ ಹೆಂಗಸು ಅವಳು, ವರ್ಷವೆಲ್ಲ ಬೇರೆಯವರ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವವಳು.

“ಊರ ಮುಂದ ಓದಿದ್ದನ್ನ ಹೆಂಗ ಅಳಸ್ಲಿ ಅಕ್ಕಾ? ಬಂದ ಮುಯ್ಯಿ ತೀರಸ್ಬೇಕಲ್ಲ. ಶ್ರೀನು ಮದಿವಿಗೆ ನಾವೂ ಪಟ್ಟು ಸೀರಿನ ತರ್ತೀವಿ,” ಎಂದಳು. ಬಾಗಿಲು ತೆಗೆಯುತ್ತ ಮೆಲ್ಲಗೆ ಸೇರಿಸಿದಳು. “ಹೊಸಾದು.”