ಕೊನೇ ಕುರ್ಚಿಯವರೆಗೂ ಹಾಡು

ಸರಗೂರಿನ ಬಸ್ ನಿಲ್ದಾಣದ ಹಿಂದೆ ಮೈಕ್ ಸೆಟ್ ಅಂಗಡಿ ಇಟ್ಟಿರುವ ಸುನಂದಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಕಿವಿ ಮಾತ್ರ ಎಂಥದ್ದೆಂದರೆ, ಸ್ಪೀಕರ್ ಎಲ್ಲೋ ಒಂದಿಷ್ಟು ಹರಿದಿದ್ದರೂ ಬೀದಿಯಾಚೆಯಿಂದಲೇ ಹೇಳಿಬಿಟ್ಟಾಳು. ಆದರೆ ಕಿವಿಗೆ ಸರ್ಟಿಫಿಕೇಟು ಕೊಡುವವರು ಯಾರು? ವೈರ್ ಎಳೆಯುವ ಹೆಂಗಸು ಅಂತಲೇ ಎಲ್ಲರ ಮಾತು. ಇಪ್ಪತ್ತು ವರ್ಷದಿಂದ ಇದನ್ನೇ ಕೇಳಿ ಅವಳಿಗೂ ಸಾಕಾಗಿತ್ತು.

ಆ ಭಾನುವಾರ ಮಧ್ಯಾಹ್ನ ಬೀಚನಹಳ್ಳಿ ಹತ್ತಿರದ ರೆಸಾರ್ಟಿನಲ್ಲಿ ಸೆಟ್ ಇಳಿಸುತ್ತಿದ್ದಂತೆ ಮ್ಯಾನೇಜರ್ ಸುನೀಲ್‌ಕುಮಾರ್ ಎಚ್ಚರಿಕೆ ಕೊಟ್ಟ. ಇವತ್ತು ಬರುವವರು ಮೈಸೂರಿನ ರಾಕ್ ಸಂಗೀತದ ಹುಚ್ಚರು. ಅವರ ಮುಂದಾಳು ಮೆಚ್ಚಿದರೆ ಈ ಸೀಸನ್ನಿನ ಕೆಲಸ ಸುನಂದಮ್ಮನದು, ಇಲ್ಲದಿದ್ದರೆ ಮೈಸೂರಿನಿಂದಲೇ ಬೇರೆ ಸೆಟ್ಟು.

ಬಂದವರು ಮೂವತ್ತು ಮಂದಿ. ಮುಂದಾಳು ನಟರಾಜು, ನಿವೃತ್ತ ಇಂಜಿನಿಯರು. ಅರವತ್ತರ ದಶಕದ ಇಂಗ್ಲಿಷ್ ರಾಕ್ ಆಲ್ಬಂ ಒಂದನ್ನು ಈಗ ಸದ್ದು ತಿದ್ದಿ ಎರಡು ಬಗೆಯಲ್ಲಿ ರೀಮಾಸ್ಟರ್ ಮಾಡಿದ್ದಾರಂತೆ. ಮೊನೊದಲ್ಲಿ ಎಲ್ಲ ಸದ್ದಿಗೂ ಒಂದೇ ದಾರಿ, ಸ್ಟೀರಿಯೊದಲ್ಲಿ ಎಡಕ್ಕೊಂದು ಬಲಕ್ಕೊಂದು. ಎರಡನ್ನೂ ಕೇಳಿ, ಯಾವುದು ಮೇಲು ಎಂದು ಕೈ ಎತ್ತುವುದೇ ಅಂದಿನ ಕಾರ್ಯಕ್ರಮ. ಗೆಲ್ಲುವುದು ಸ್ಟೀರಿಯೊ ಎಂದು ನಟರಾಜು ಮನೆ ಬಿಡುವಾಗಲೇ ತೀರ್ಮಾನಿಸಿದ್ದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಹಿನ್ನೀರಿನ ದಡದ ಉದ್ದನೆಯ ಅಂಗಳದಲ್ಲಿ ಆ ತುದಿಗೊಂದು ಈ ತುದಿಗೊಂದು ಸ್ಪೀಕರ್ ಇಡಿಸಿ, ನಟ್ಟನಡುವೆ ತಮ್ಮ ಕುರ್ಚಿ ಹಾಕಿಸಿಕೊಂಡರು. ಸುನಂದಮ್ಮ ಏನೋ ಹೇಳಲು ಬಾಯಿ ತೆರೆದಳು.

"ನೀನು ವೈರ್ ಕೊಡು ಸಾಕಮ್ಮ. ಕೇಳೋದು ನಮ್ಮ ಕೆಲಸ," ಎಂದರು ನಟರಾಜು.

ಸ್ಟೀರಿಯೊ ಮೊದಲು ಶುರುವಾಯಿತು. ಹಾಡು ಹಾಕಿದ ಮೇಲೆ ಜಾಗವನ್ನೆಲ್ಲ ಒಂದು ಸುತ್ತು ಹಾಕಿ ಬರುವುದು ಸುನಂದಮ್ಮನ ಪದ್ಧತಿ. ಮದುವೆಯಾದರೆ ಪಾತ್ರೆ ತೊಳೆಯುವವರ ತನಕ ಹೋಗಿ ಕೇಳುತ್ತಾಳೆ. ಇಲ್ಲೂ ಹೋದಳು. ಎಡತುದಿಯ ಮೇಜುಗಳಲ್ಲಿ ಬರೀ ಡ್ರಮ್ಮು, ಗಿಟಾರು. ಬಲತುದಿಯಲ್ಲಿ ಹಾಡುವವನೊಬ್ಬನೇ, ಮೇಳವೇ ಇಲ್ಲ. ಪಾಪ, ಎರಡೂ ಕಡೆಯವರು ಅರ್ಥವಾದವರಂತೆ ತಲೆದೂಗುತ್ತ ಕೂತಿದ್ದರು.

ಅವಳಿಗೆ ಹಂಪಾಪುರದ ಮದುವೆ ನೆನಪಾಯಿತು. ಹೊಸ ಸ್ಟೀರಿಯೊ ಆಂಪ್ಲಿಫೈಯರ್ ತಂದ ಹುರುಪಿನಲ್ಲಿ ಒಂದು ವೈರನ್ನು ಹೆಣ್ಣಿನ ಮನೆಯ ಹಾರ್ನಿಗೆ, ಇನ್ನೊಂದನ್ನು ಪಕ್ಕದ ಬೀದಿಯ ಬೀಗರ ಬಿಡದಿಗೆ ಕೊಟ್ಟಿದ್ದಳು. ಹಾಡೆಲ್ಲ ಹೆಣ್ಣಿನ ಮನೆಗೆ ಹೋಯಿತು, ಬಿಡದಿಗೆ ಬಡಿತ ಮಾತ್ರ. ಗಂಡಿನ ಅಪ್ಪ ಕಂಠಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಬಂದ. "ಹೆಣ್ಣಿನೋರ್ಗೆ ಹಾಡು, ನಮ್ಗೆ ಬರೀ ದಬದಬ. ನಾವೇನ್ ಕರಡಿ ಕುಣಿಸಾಕ್ ಬಂದಿದ್ದೀವಾ?" ಎಂದು ದಿಬ್ಬಣ ವಾಪಸ್ ಹೊರಡಿಸಿದ್ದ. ಅವಳು ಎರಡು ವೈರನ್ನೂ ಒಂದು ಮಾಡಿ, ಕೈ ಮುಗಿದ ಮೇಲೇ ಮುಹೂರ್ತ ನಡೆದದ್ದು.

ಹಾಡು ಮುಗಿಯಿತು. ನಡುವೆ ಕೂತ ನಟರಾಜುಗೆ ಹಾಲು ಕುಡಿದಷ್ಟು ಸಂತೋಷ. ಇನ್ನು ಮೊನೊ ಯಾಕೆ, ಕೈ ಎತ್ತಿಬಿಡಿ ಎಂದರು. ತಮಗೇ ತಿಳಿಯಲಿಲ್ಲವೇನೋ ಎಂದುಕೊಂಡು ತುದಿಯವರೂ ಕೈ ಎತ್ತತೊಡಗಿದರು. ಸುನೀಲ್‌ಕುಮಾರ್ ದೂರದಿಂದಲೇ ಸುನಂದಮ್ಮನತ್ತ ನಕ್ಕ. ಬಾಯಿ ಮುಚ್ಚಿಕೊಂಡಿದ್ದರೆ ಸೀಸನ್ ಅವಳದಾಗುತ್ತಿತ್ತು. ಆದರೂ ಸುಮ್ಮನಿರಲು ಆಗಲಿಲ್ಲ.

"ಸಾ, ಒಂದೇ ಒಂದು ಹಾಡ ಆ ಕೊನೇ ಕುರ್ಚೀಲಿ ಕೂತು ಕೇಳಿ. ಆಮ್ಯಾಕೆ ಸೆಟ್ ಎತ್ಕೊಂಡು ಹೋಗು ಅಂದ್ರೂ ಹೋಯ್ತೀನಿ."

ಮೂವತ್ತು ಜನರ ಮುಂದೆ ಒಲ್ಲೆ ಎನ್ನಲಾಗದೆ ನಟರಾಜು ಎಡತುದಿಗೆ ಹೋಗಿ ಕೂತರು. ಅದೇ ಸ್ಟೀರಿಯೊ ಮತ್ತೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ಕಿವಿಗೆ ಕೈ ಕೊಟ್ಟರು. ಆಮೇಲೆ ಸ್ಪೀಕರ್ ಕಡೆಗೇ ಬಾಗಿದರು.

"ಹಾಡೋನು ಎಲ್ಲಿ?" ಎಂದರು.

"ನಮ್ಮ ಹತ್ರ ಇದ್ದಾನೆ ಸರ್. ಡ್ರಮ್ ನಿಮ್ಮ ಹತ್ರ ಇದ್ಯಾ?" ಎಂದು ಬಲತುದಿಯಿಂದ ಚೈತ್ರ ಎಂಬ ಹುಡುಗಿ ಕೇಳಿದಳು. ಅಂಗಳಕ್ಕೆ ಅಂಗಳವೇ ನಕ್ಕಿತು.

ಸುನಂದಮ್ಮ ಮೊನೊ ಸೀಡಿ ಹಾಕಿದಳು. ಹಾಡುವವನು, ಗಿಟಾರು, ಡ್ರಮ್ಮು, ಎಲ್ಲವೂ ಹದವಾಗಿ ಕಲಸಿದ ಬುತ್ತಿಯ ಹಾಗೆ ಎರಡು ತುದಿಗೂ ಒಟ್ಟಿಗೇ ಬಂದವು. ತುದಿಯವರು ಎದ್ದು ಕಾಲು ಕುಣಿಸಿದರು. ಅಡುಗೆಯವರು ಸೌಟು ಹಿಡಿದೇ ಬಾಗಿಲಿಗೆ ಬಂದರು. ಮತ್ತೆ ಕೈ ಎತ್ತಿದಾಗ ಮೂವತ್ತಕ್ಕೆ ಮೂವತ್ತೂ ಮೊನೊಗೆ ಬಿದ್ದವು, ನಟರಾಜು ಅವರದೂ ಸೇರಿ.

ಅವರು ಸೀಡಿ ಪೆಟ್ಟಿಗೆಯ ಜೊತೆ ಬಂದ ಪುಸ್ತಿಕೆಯನ್ನು ಅಂದೇ ಮೊದಲ ಸಲ ಬಿಡಿಸಿದರು. ಆ ಕಾಲದಲ್ಲಿ ವಾದ್ಯದವರು ವಾರಗಟ್ಟಲೆ ಕೂತು ಹದ ಮಾಡಿದ್ದು ಮೊನೊವನ್ನೇ, ಸ್ಟೀರಿಯೊವನ್ನು ಆಮೇಲೆ ಬೇರೆ ಯಾರೋ ಅವಸರದಲ್ಲಿ ಮುಗಿಸಿದ್ದು ಎಂದು ಅದರಲ್ಲಿತ್ತು. ಎಲ್ಲರಿಗೂ ಕೇಳುವಂತೆ ಅವರೇ ಓದಿದರು. ಅದು ಅವರ ದೊಡ್ಡತನ.

"ನಿಮ್ದೂ ತಪ್ಪಲ್ಲ ಬುಡಿ ಸಾ," ಎಂದಳು ಸುನಂದಮ್ಮ. "ಒಬ್ರೇ ಕೂತು ಕೇಳಾಕೆ ಅದು. ಊರೇ ಕೂತು ಕೇಳಾಕೆ ಇದು."

ಸೀಸನ್ ನಿಮ್ಮದೇ ಎಂದು ಸುನೀಲ್‌ಕುಮಾರ್ ಬಂದು ಹೇಳಿದ್ದು ಅವಳಿಗೆ ಅರ್ಧ ಮಾತ್ರ ಕೇಳಿಸಿತು. ಏಕೆಂದರೆ ನಟರಾಜು ನಡುವಿನ ತಮ್ಮ ಕುರ್ಚಿಯನ್ನು ಟವೆಲಿನಲ್ಲಿ ಒರೆಸುತ್ತಿದ್ದರು.

"ಬನ್ನಿ ಸುನಂದಮ್ಮೋರೆ. ವೈರ್ ನಾನು ನೋಡ್ಕೊತೀನಿ. ಇನ್ನೊಂದು ಹಾಡು ನೀವು ಕೂತು ಕೇಳಿ, ಹೇಗಿದೆ ಅಂತ ನಮಗೆ ಹೇಳಿ."

ಇಪ್ಪತ್ತು ವರ್ಷದಲ್ಲಿ ಒಂದು ಹಾಡನ್ನೂ ಅವಳು ಕೂತು ಕೇಳಿರಲಿಲ್ಲ. ಸೆರಗು ಸರಿಮಾಡಿಕೊಂಡು ಹೋಗಿ, ಕಾಲ ಮೇಲೆ ಕಾಲು ಹಾಕಿ ಕೂತಳು.